ಏಳು ಗಂಟೆಯ ರಿಂಗು

ಜನವರಿ 8

ಟೇಬಲ್ ಫ್ಯಾನ್ ಒಂದು, ಮಿಕ್ಸಿ ಎರಡು. ಅರ್ಧ ಎಚ್‌ಪಿ ಪಂಪಿನ ಮೋಟಾರು ಬಿಚ್ಚಿದೆ — ತಂತಿ ಸುಟ್ಟು ಕರಕಲು. ಹೊರಗಿನ ಕಾಯಿಲು 62 ಸುತ್ತು, ಒಳಗಿನದು 48. ಹೊಸದಾಗಿ ಸುತ್ತುವಾಗ ಒಂದು ಸುತ್ತೂ ಹೆಚ್ಚುಕಡಿಮೆ ಆಗಬಾರದು. ಈ ಡೈರಿ ಇರುವುದೇ ಅದನ್ನು ಬರೆದಿಡುವುದಕ್ಕೆ. ಉಳಿದದ್ದು ನಡುವೆ ತಾನಾಗಿ ನುಸುಳುತ್ತದೆ.

ಮಧ್ಯಾಹ್ನ ಅಂಗಡಿ ಮುಚ್ಚಿ ಇವಳ ಜೊತೆ ಹನ್ನೆರಡನೇ ನಂಬರಿಗೆ. ಆಸ್ಪತ್ರೆಯ ಹಿಂಬದಿಯ ಕೋಣೆ. ಬಾಗಿಲ ಮೇಲೆ ನಂಬರು ಬಿಟ್ಟರೆ ಬೇರೇನೂ ಬರೆದಿಲ್ಲ. ಎಚ್‌ಐವಿ ಮಾತ್ರೆ ಕೊಡುವುದು ಅಲ್ಲಿ. ಆರು ವರ್ಷದಿಂದ ತಿಂಗಳಿಗೊಮ್ಮೆ ಗಂಡ ಹೆಂಡತಿ ಹೋಗಿ ತರುತ್ತೇವೆ. ಅವಳಿಗೆ ಬಂದದ್ದು ನನ್ನಿಂದ. ಮದುವೆಗೆ ಮೊದಲಿನ ನನ್ನ ಪುಂಡಾಟದ ಪಾಲು. ಗೊತ್ತಾದ ದಿನವಾಗಲಿ ಆಮೇಲಾಗಲಿ ಅವಳು ಆ ಮಾತು ಎತ್ತಿದವಳಲ್ಲ.

ಇವತ್ತು ಕೌನ್ಸೆಲರಮ್ಮ ಹೊಸ ಮಾತ್ರೆ ತೆಗೆದರು. ಟಿಬಿ ಬಾರದ ಹಾಗೆ ಮುಂಚೆಯೇ ನುಂಗುವುದು. ನಮ್ಮಂಥವರ ಮೈಗೆ ಟಿಬಿ ಬೇಗ ಹತ್ತುತ್ತದಂತೆ. ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು, ಜೊತೆಗೊಂದು ವಿಟಮಿನ್ನು. ಆರು ತಿಂಗಳು ಒಂದು ದಿನವೂ ಬಿಡಬಾರದು. ಕೊಡುವ ಮೊದಲು ನಾಲ್ಕು ಪ್ರಶ್ನೆ — ಕೆಮ್ಮಿದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ಮಲಗಿದಾಗ ಬೆವರುತ್ತೀರಾ. ಇಬ್ಬರೂ ನಾಲ್ಕಕ್ಕೂ ಇಲ್ಲ ಎಂದೆವು. ನಿಜವಾಗಿಯೂ ಇರಲಿಲ್ಲ.

ಆಮೇಲೆ ಜೋಡಿ. ಬೆಳಿಗ್ಗೆ ಏಳಕ್ಕೆ ನಿಮ್ಮ ಜೋಡಿಯವರು ನಿಮ್ಮ ಫೋನಿಗೆ ಒಂದೇ ರಿಂಗು ಕೊಟ್ಟು ಕಟ್ ಮಾಡುತ್ತಾರೆ. ಮಾತ್ರೆ ನುಂಗಿ ಎಂದು ಅರ್ಥ. ನುಂಗಿದ ಮೇಲೆ ನೀವು ತಿರುಗಿ ಒಂದು ರಿಂಗು ಕೊಡಬೇಕು. ನುಂಗಿದೆ ಎಂದು ಅರ್ಥ. ಎತ್ತಬಾರದು. ಮೂರಕ್ಕಿಂತ ಹೆಚ್ಚು ರಿಂಗಾದರೆ ಮಾತಾಡುವುದಿದೆ ಎಂದು, ಆಗ ಮಾತ್ರ ಎತ್ತಬೇಕು. ನಾವಿಬ್ಬರೇ ಜೋಡಿ ಆಗುತ್ತೇವೆ ಎಂದೆ. ಕೌನ್ಸೆಲರಮ್ಮ ನಕ್ಕರು.

"ಗಂಡ ಹೆಂಡ್ತೀನ ಜೋಡಿ ಮಾಡಲ್ಲ. ಒಬ್ಬರ ತಪ್ಪು ಇನ್ನೊಬ್ರು ಮುಚ್ಚಿ ಹಾಕ್ತೀರಿ."

ನನಗೆ ಸಿಕ್ಕಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರು. ಇವಳಿಗೆ ಒಬ್ಬ ಬಸ್ ಕಂಡಕ್ಟರು. ಬೆಂಚಿನ ಕೊನೆಯಲ್ಲಿ ಕೂತಿದ್ದ. ಐವತ್ತೈದು ಇರಬೇಕು. ಮುಂದಿನ ಎರಡು ಹಲ್ಲಿಲ್ಲ. ಹಲ್ಲಿಲ್ಲದೆಯೂ ನಗುತ್ತಾನೆ.

ಜನವರಿ 9, ಬೆಳಿಗ್ಗೆ 7.15

ಮೇಷ್ಟ್ರ ರಿಂಗು ಏಳಕ್ಕೆ ಸರಿಯಾಗಿ. ಶಾಲೆಯ ಗಂಟೆ ಹೊಡೆದ ಹಾಗೆ. ಕಂಡಕ್ಟರನ ರಿಂಗು ಏಳು ದಾಟಿ ಒಂದು ನಿಮಿಷಕ್ಕೆ. ಇವಳು ಮಾತ್ರೆ ನುಂಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನು ತೆಗೆದು ಒಂದು ರಿಂಗು ಕೊಟ್ಟಳು. ಕೊಟ್ಟು ಒಂದು ಕ್ಷಣ ಫೋನನ್ನೇ ನೋಡುತ್ತ ನಿಂತಳು. ಹಾಗೆ ನೋಡುವಂಥದ್ದು ಅದರಲ್ಲಿ ಏನಿತ್ತು?

ಜನವರಿ 17

ಮಿಕ್ಸಿಯೊಳಗೆ ತಿರುಗುವ ಆರ್ಮೇಚರ್ ಒಂದು ಸುತ್ತುವಾಗ ಕೆಟ್ಟಿತು. ಎಣಿಕೆ ತಪ್ಪಿದೆ. ಇಪ್ಪತ್ತು ವರ್ಷದಲ್ಲಿ ಎಣಿಕೆ ತಪ್ಪಿದವನಲ್ಲ.

ರಾತ್ರಿ ಎಂಟೂವರೆಯ ಎಚ್‌ಐವಿ ಮಾತ್ರೆ ನಮ್ಮಿಬ್ಬರದ್ದು. ಊಟವಾದ ಮೇಲೆ. ಒಂದೇ ಲೋಟ ನೀರು, ಅವಳು ಅರ್ಧ, ನಾನು ಅರ್ಧ. "ನುಂಗಿದ್ರಾ?" ಎಂದು ಅವಳು ಕೇಳುವುದು, ನಾನು ಬಾಯಿ ತೆರೆದು ನಾಲಗೆ ತೋರಿಸುವುದು. ಮಕ್ಕಳಿಲ್ಲದ ಮನೆಯಲ್ಲಿ ಅದೇ ನಮ್ಮ ಆಟ. ಯಾವ ಮಾತು ಬಿಟ್ಟರೂ ಆ ಒಂದು ಮಾತು ಆರು ವರ್ಷ ಬಿಟ್ಟಿಲ್ಲ.

ಬೆಳಗಿನ ಮಾತ್ರೆಗೆ ಮಾತ್ರ ಅವಳು ಕೇಳುವುದಿಲ್ಲ. ಮೇಷ್ಟ್ರಿದ್ದಾರಲ್ಲ, ಅವರು ಕೇಳುತ್ತಾರೆ ಎಂದು. ನನಗೇನು ಮೇಷ್ಟ್ರ ಜೊತೆ ಮದುವೆಯಾಗಿದೆಯೇ.

ಜನವರಿ 30

ಇವತ್ತು ಮೂರಕ್ಕಿಂತ ಹೆಚ್ಚು ರಿಂಗು. ಎತ್ತಿದಳು. ನಕ್ಕಳು. ಅಡುಗೆಮನೆಯಲ್ಲಿ, ಬೆನ್ನು ನನ್ನ ಕಡೆ. ಏನಂತೆ ಎಂದು ಕೇಳಿದೆ. ಏನಿಲ್ಲ, ಅವರ ಬಸ್ಸು ಕೆಟ್ಟು ನಿಂತಿದೆ, ದಾರಿಯಲ್ಲಿ ನೀರು ಸಿಗದೆ ಯಾರದೋ ಮಗುವಿನ ಬಾಟಲಿಯಿಂದ ಒಂದು ಗುಟುಕು ಇಸಿದುಕೊಂಡು ಮಾತ್ರೆ ನುಂಗಿದರಂತೆ, ಅಷ್ಟೇ ಎಂದಳು. ಅಷ್ಟಕ್ಕೆ ಅಷ್ಟು ನಗುವುದೇ?

ಇನ್ನೊಂದು. ಮಾತ್ರೆ ನುಂಗಿ ಲೋಟ ಕೆಳಗಿಡುವಾಗ ಅವಳು ಈಗ "ರೈಟ್, ರೈಟ್" ಎನ್ನುತ್ತಾಳೆ. ಬಸ್ಸು ಹೊರಡಿಸುವವರ ಹಾಗೆ. ನನ್ನ ಮನೆಯಲ್ಲಿ, ನನ್ನ ಲೋಟ ಹಿಡಿದು, ಅವನ ಮಾತು. ಇದು ಹೊಟ್ಟೆಕಿಚ್ಚಲ್ಲ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಯಾರೂ ಓದದ ಕಡೆ ಸುಳ್ಳು ಬರೆದು ಏನು ಸಿಗುತ್ತದೆ. ಹೊಟ್ಟೆಕಿಚ್ಚೇ.

ಫೆಬ್ರವರಿ 3, ಬೆಳಿಗ್ಗೆ

ತೀರ್ಮಾನಿಸಿದೆ. "ನುಂಗಿದ್ರಾ?" ಎಂದು ಅವಳು ಕೇಳುವವರೆಗೆ ಬೆಳಗಿನ ಮಾತ್ರೆ ನುಂಗುವುದಿಲ್ಲ. ಕೇಳಿದ ದಿನ ನುಂಗುತ್ತೇನೆ. ಮೇಷ್ಟ್ರಿಗೆ ತಿರುಗಿ ರಿಂಗು ಕೊಟ್ಟೆ. ಮಾತ್ರೆ ಜೇಬಿನಲ್ಲಿಟ್ಟುಕೊಂಡು ಬಂದು ಅಂಗಡಿಯ ವಾರ್ನಿಷ್ ಡಬ್ಬಿಗೆ ಹಾಕಿದೆ. ಮುಳುಗಿತು.

ನಾಳೆ ಕೇಳಿಯೇ ಕೇಳುತ್ತಾಳೆ.

ಫೆಬ್ರವರಿ 4

ಕೇಳಲಿಲ್ಲ.

ಫೆಬ್ರವರಿ 5

ಹನ್ನೆರಡನೇ ನಂಬರು. ನಾಲ್ಕು ಪ್ರಶ್ನೆ, ನಾಲ್ಕು ಇಲ್ಲ. ಖಾಲಿ ಸ್ಟ್ರಿಪ್ಪು ತೋರಿಸಿದೆ, ಶಭಾಸ್ ಎಂದರು.

ಕಂಡಕ್ಟರು ಬಂದಿದ್ದ. ಕಾಯುವ ಬೆಂಚಿನಲ್ಲಿ ಇವಳ ಪಕ್ಕ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ. ಆ ಖಾಲಿ ಜಾಗ ನೋಡಿ ನನಗೆ ಇನ್ನೂ ಉರಿಯಿತು. ಮರ್ಯಾದಸ್ಥ ಎಂದು ತೋರಿಸಿಕೊಳ್ಳುವವನು ಯಾವಾಗಲೂ ಅಷ್ಟು ಜಾಗ ಬಿಟ್ಟೇ ಕೂರುತ್ತಾನೆ. ಹೋಗಿ ನಾನೇ ಅಲ್ಲಿ ಕೂತೆ. ನಮಸ್ಕಾರ ಸಾರ್ ಎಂದ. ಮೈಯಿಂದ ಡೀಸೆಲ್ ವಾಸನೆ. ನನ್ನ ಮೈಯಿಂದ ವಾರ್ನಿಷ್ ವಾಸನೆ. ಇವಳು ನನ್ನ ಇನ್ನೊಂದು ಪಕ್ಕದಲ್ಲಿ, ತಾನು ಕೆಲಸ ಮಾಡುವ ಡ್ರೈ ಕ್ಲೀನಿಂಗ್ ಅಂಗಡಿಯ ವಾಸನೆಯಲ್ಲಿ ಕೂತಿದ್ದಳು.

ಫೆಬ್ರವರಿ 20

ಸೀಲಿಂಗ್ ಫ್ಯಾನ್ ನಾಲ್ಕು. ಕೇಳಲಿಲ್ಲ. ಕೇಳುತ್ತಿಲ್ಲ. ಹದಿನೆಂಟು ದಿನ. ಡಬ್ಬಿಯ ತಳದಲ್ಲಿ ಮಾತ್ರೆಗಳು ಕರಗಿ ಬಿಳಿ ಕೆಸರಾಗಿವೆ. ಆ ವಾರ್ನಿಷ್ಷನ್ನು ಈಗ ಯಾವ ಕಾಯಿಲಿಗೂ ಹಚ್ಚುವ ಹಾಗಿಲ್ಲ.

ಮಾರ್ಚ್ 11, ಬೆಳಿಗ್ಗೆ 7.40

ಮಾಡಿಬಿಟ್ಟೆ.

ಇವಳು ಆರೂ ಮುಕ್ಕಾಲಿಗೆ ಸ್ನಾನಕ್ಕೆ ಹೋಗುತ್ತಾಳೆ. ಬರುವುದು ಏಳೂ ಹತ್ತಕ್ಕೆ. ಫೋನು ಅಡುಗೆಮನೆಯ ಶೆಲ್ಫಿನ ಮೇಲೆ. ಹೊರಗೆ ಬಂದವಳೇ ಅವನ ಮಿಸ್ಡ್ ಕಾಲ್ ನೋಡಿ, ಮಾತ್ರೆ ನುಂಗಿ, ರಿಂಗು ಕೊಟ್ಟು, ಏಳೂವರೆಗೆ ಕೆಲಸಕ್ಕೆ ಹೊರಡುತ್ತಾಳೆ. ಬಟ್ಟೆಗಳಿಗೆ ನಂಬರು ಚೀಟಿ ಪಿನ್ ಮಾಡುವ ಕೆಲಸ. ತಡವಾದರೆ ಅಂಗಡಿಯವರು ಮುಖ ಗಂಟಿಕ್ಕುತ್ತಾರೆ.

ಇವತ್ತು ರಿಂಗು ಬಂದಾಗ ನಾನು ಶೆಲ್ಫಿನ ಎದುರಿಗೇ ಇದ್ದೆ. ಕೈ ತಾನಾಗಿ ಹೋಯಿತು. ಅವಳ ಫೋನಿನಿಂದ ಅವನಿಗೆ ತಿರುಗಿ ಒಂದು ರಿಂಗು. ನುಂಗಿದೆ ಎಂದು. ಆಮೇಲೆ ಎರಡೂ ಗುರುತು ಅಳಿಸಿದೆ. ಅವಳು ಬಂದು ನೋಡಿದಳು. ಏನೂ ಇಲ್ಲ. ಎರಡು ಸಲ ಫೋನು ತಿರುಗಿಸಿ ನೋಡಿದಳು. ಮುಖ ಸಪ್ಪಗಾಯಿತು. ಹೊರಟಳು.

ಆ ಮುಖ ನೋಡಿ ಖುಷಿಯಾಯಿತು. ಹೌದು, ಆಯಿತು.

ಮಾರ್ಚ್ 12

ಇವತ್ತು ಬಿಟ್ಟೆ. ರಿಂಗು ಬಂತು, ನೋಡಿದಳು, ಅರಳಿದಳು. ಬಿಡಬಾರದಿತ್ತು.

ಮಾರ್ಚ್ 13

ಮತ್ತೆ. ಇನ್ನು ದಿನ ಬಿಟ್ಟು ದಿನ. ಮರೆವಿನ ಮನುಷ್ಯ ಎಂದು ಅವಳಿಗೆ ಅನ್ನಿಸಬೇಕು, ಅಷ್ಟೇ ನನಗೆ ಬೇಕಾದ್ದು. ನೆಚ್ಚಿಕೊಳ್ಳುವಂಥ ಆಳಲ್ಲ ಎಂದು.

ಮಾರ್ಚ್ 31

ಒಟ್ಟು ಹನ್ನೊಂದು ಸಲ. ನನ್ನ ಎಣಿಕೆ ತಪ್ಪುವುದಿಲ್ಲ.

ಒಂದು ಪಂಪು, ಸ್ಟಾರ್ಟಿಂಗ್ ಕಾಯಿಲು 70. ಸಣ್ಣ ಕೆಮ್ಮು. ವಾರ್ನಿಷ್ ಒಲೆಯ ಹೊಗೆ.

ಏಪ್ರಿಲ್ 2, ಸಂಜೆ

ಬರೆಯಬೇಕು.

ಈ ಸಲ ಕೌನ್ಸೆಲರಮ್ಮ ಮಾತ್ರೆ ಎಣಿಸಿದರು. ಎಲ್ಲರದ್ದೂ. ನನ್ನ ಸ್ಟ್ರಿಪ್ಪುಗಳು ಖಾಲಿ. ಮೇಷ್ಟ್ರ ಪುಸ್ತಕದಲ್ಲಿ ದಿನವೂ ಟಿಕ್ಕು. ಇವಳ ಸ್ಟ್ರಿಪ್ಪಿನಲ್ಲಿ ಹನ್ನೊಂದು ಮಾತ್ರೆ ಉಳಿದಿದ್ದವು.

ಹನ್ನೊಂದು.

ಅವಳು ನುಂಗದೆ ಹೋಗುತ್ತಾಳೆ ಎಂದು ನನಗೆ ಹೊಳೆದೇ ಇರಲಿಲ್ಲ. ದೇವರಾಣೆ ಹೊಳೆದಿರಲಿಲ್ಲ. ರಿಂಗು ಕದ್ದೆ ಎಂದುಕೊಂಡಿದ್ದೆ. ಅವಳಿಗೆ ಆ ರಿಂಗೇ ಮಾತ್ರೆಯಾಗಿಬಿಟ್ಟಿತ್ತು. ರಿಂಗಿಲ್ಲದ ದಿನ ಸ್ನಾನ, ತಿಂಡಿ, ಬೀಗ, ಬಸ್ಸು ಎಂಬ ಗಡಿಬಿಡಿಯಲ್ಲಿ ಮಾತ್ರೆ ಡಬ್ಬಿಯಲ್ಲೇ ಉಳಿದಿದೆ.

ಆ ದಿನಗಳಲ್ಲಿ ರಿಂಗೇ ಬರಲಿಲ್ಲ ಎಂದಳು. ಕಂಡಕ್ಟರು ಎದ್ದು ನಿಂತು ತನ್ನ ಪಾಕೆಟ್ ಪುಸ್ತಕ ತೆಗೆದ. ಟಿಕೆಟ್ ನಂಬರು ಬರೆಯುವವನ ಅಚ್ಚುಕಟ್ಟು. ದಿನವೂ ಕೊಟ್ಟಿದ್ದೇನೆ, ದಿನವೂ ವಾಪಸ್ ಬಂದಿದೆ, ಇಲ್ಲಿದೆ ನೋಡಿ ಎಂದ. ಕೌನ್ಸೆಲರಮ್ಮ ಕನ್ನಡಕ ತೆಗೆದು ಇವಳನ್ನು ನೋಡಿದರು.

"ನುಂಗದೆ ಇದ್ರೂ ಪರವಾಗಿಲ್ಲ, ಬಂದು ಹೇಳಿ ಅಂದಿದ್ದೆ. ಸುಳ್ಳು ರಿಂಗ್ ಮಾತ್ರ ಕೊಡ್ಬೇಡಿ. ನಿಮ್ಮ ಯಜಮಾನ್ರನ್ನ ನೋಡಿ ಕಲೀರಿ."

ಕೋಣೆಯಲ್ಲಿ ಎಂಟು ಹತ್ತು ಜನ. ಎಲ್ಲರೂ ನನ್ನ ಕಡೆ ನೋಡಿದರು, ಮೆಚ್ಚಿಗೆಯಿಂದ. ನಾನು ನೆಲ ನೋಡಿದೆ. ಇವಳು ಮಾತ್ರ ನನ್ನ ಕಡೆ ನೋಡಲಿಲ್ಲ.

ಜೋಡಿ ಮುರಿಯಿತು. ಇನ್ನು ಮೇಲೆ ತಾನೇ ಫೋನು ಮಾಡುತ್ತೇನೆ ಎಂದರು ಕೌನ್ಸೆಲರಮ್ಮ. ತಪ್ಪಿದ ಹನ್ನೊಂದನ್ನು ಕೊನೆಗೆ ಸೇರಿಸುತ್ತಾರಂತೆ. ನನಗೆ ಬೇಕಾದದ್ದು ಆಯಿತು. ದಾರಿಯುದ್ದಕ್ಕೂ ನಾಲಗೆ ಕಹಿ.

ಏಪ್ರಿಲ್ 4

ಇವಳು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬಚ್ಚಲಿಗೆ ತೆಗೆದುಕೊಂಡು ಹೋದಳು. ಎಂಟೂವರೆಗೆ ಒಂದೇ ಲೋಟ, ಅರ್ಧ ಅರ್ಧ, "ನುಂಗಿದ್ರಾ?" ಎಲ್ಲ ಇತ್ತು. ನಾಲಗೆ ತೋರಿಸಿದಾಗ ಇವತ್ತು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ಏಪ್ರಿಲ್ 26

ಕೆಲಸ ಕಡಿಮೆ. ಸುತ್ತುವಾಗ ಕೆಮ್ಮು ಬಂದರೆ ಎಣಿಕೆ ಹೋಗುತ್ತದೆ, ಮತ್ತೆ ಮೊದಲಿಂದ. ಒಂದು ಫ್ಯಾನು ಮೂರು ಸಲ ಸುತ್ತಿದೆ.

ಅವಳ ಫೋನಿಗೆ ಈಗ ಮಧ್ಯಾಹ್ನದ ಹೊತ್ತು ಕರೆ. ಅವನದ್ದೇ ನಂಬರು. ಜೋಡಿ ಮುರಿದರೆ ಏನಂತೆ, ಜೋಡಿ ಇಲ್ಲದೆಯೂ ಮಾತಾಡಬಹುದು ಎಂದಾಯಿತು. ನಾನೇ ದಾರಿ ಮಾಡಿಕೊಟ್ಟೆ. ರಿಂಗಿಗೆ ಒಂದು ಕ್ಷಣ ಸಾಕಿತ್ತು. ಈಗ ಏಳು ನಿಮಿಷ, ಒಂಬತ್ತು ನಿಮಿಷ.

ಇಷ್ಟು ದಿನ ನಾನು ನುಂಗಿಲ್ಲ, ಇನ್ನು ಶುರು ಮಾಡಿದರೆ ಲೆಕ್ಕಕ್ಕಿದೆಯೋ ಇಲ್ಲವೋ. ಕೇಳುವುದು ಯಾರನ್ನು. ನಾನು ಮಾದರಿ ಪೇಷಂಟು.

ಮೇ 1

ನಾಲ್ಕು ಪ್ರಶ್ನೆ.

ಕೆಮ್ಮು? — ಇಲ್ಲ. ಜ್ವರ? — ಇಲ್ಲ. ತೂಕ? ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿತು. ಬಿಸಿಲು, ಊಟ ಸೇರುವುದಿಲ್ಲ ಎಂದೆ. ಬೆವರು? — ಬೇಸಿಗೆಯಲ್ಲಿ ಯಾರಿಗೆ ಬೆವರುವುದಿಲ್ಲ ಮೇಡಂ. ನಕ್ಕರು. ಪಕ್ಕದಲ್ಲಿ ಕೂತ ಇವಳು ನನ್ನ ಕೆಮ್ಮಿಗೆ ನಾನೇ 'ಇಲ್ಲ' ಎಂದದ್ದನ್ನು ಕೇಳಿಸಿಕೊಂಡಳು. ಬಾಯಿ ತೆರೆದಳು. ಅಷ್ಟರಲ್ಲಿ ನಾನು ಅವಳನ್ನು ದುರುಗುಟ್ಟಿ ನೋಡಿದೆ. ಮುಚ್ಚಿಕೊಂಡಳು.

ಕೆಮ್ಮು ಎಂದರೆ ಕಫ ಕೊಡು ಎನ್ನುತ್ತಾರೆ. ಆಮೇಲೆ ಮಾತ್ರೆಯ ಮಾತು ಬರುತ್ತದೆ. ಆಮೇಲೆ ಡಬ್ಬಿಯ ತಳದ ಕೆಸರು.

ಮೇ 19

ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಅವಳು ನೀರು ಹಿಡಿಯಲು ಹೋದಾಗ ಫೋನು ನೋಡಿದೆ. ನನ್ನ ಜೊತೆ ಇಡೀ ದಿನಕ್ಕೆ ಹನ್ನೊಂದು ನಿಮಿಷದ ಮಾತಿಲ್ಲ.

ನಾಡಿದ್ದು ಡಿಪೋಗೆ ಹೋಗುತ್ತೇನೆ. ಮುಖಾಮುಖಿ ಆಗಿಬಿಡಲಿ. ಉಳಿದ ಹಲ್ಲುಗಳ ಯೋಗಕ್ಷೇಮ ಅವನೇ ನೋಡಿಕೊಳ್ಳಲಿ.

ಮೇ 21, ಮಧ್ಯಾಹ್ನ

ಡಿಪೋ ಗೇಟಿನಿಂದ ಒಳಗೆ ನಡೆಯುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ಜಗಳಕ್ಕೆ ಹೋದವನು ಟಯರಿನ ರಾಶಿಯ ಮೇಲೆ ಕೂತು ಕೆಮ್ಮುತ್ತಿದ್ದೆ. ಅವನೇ ನೋಡಿ ಓಡಿಬಂದ. ನೀರು ಕೊಟ್ಟ. ಕುಡಿದೆ. ಬೈಯುವ ಮೊದಲು ಶತ್ರುವಿನ ನೀರು ಕುಡಿದರೆ ಬೈಗುಳದ ಅರ್ಧ ಬಲ ಅಲ್ಲೇ ಹೋಗುತ್ತದೆ.

ಉಳಿದರ್ಧದಲ್ಲಿ ಕೇಳಿದೆ, ನನ್ನ ಹೆಂಡತಿಯ ಜೊತೆ ದಿನವೂ ಅಷ್ಟು ಹೊತ್ತು ಏನು ಮಾತು ಎಂದು. ಅವನು ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಈ ಸಲ ಜಾಗ ಬಿಡಲಿಲ್ಲ.

"ನಿಮ್ಮ ಕೆಮ್ಮಿನ ಮಾತು ಸಾರ್. ನಿನ್ನೆ ಎಷ್ಟು ಸಲ, ಮೊನ್ನೆ ಎಷ್ಟು ಸಲ. ನಿಮ್ಮನೆ ಅಮ್ಮ ಎಣಿಸ್ತಾರೆ. ನನ್ ಹೆಂಡ್ತಿ ಹೀಗೇ ಕೆಮ್ಮಿ ಹೋದ್ಲು. ಆಗ ನೀವೇನ್ ಮಾಡಿದ್ರಿ ಅಂತ ಕೇಳಿದ್ರು. ಏನೂ ಮಾಡ್ಲಿಲ್ಲಮ್ಮ, ಧೂಳಿನ ಕೆಮ್ಮು ಅಂದ್ಕೊಂಡು ಸುಮ್ನಿದ್ದೆ ಅಂದೆ."

ಉಳಿದ ನೀರನ್ನೂ ಕುಡಿದೆ. ಅವನೇ ಮತ್ತೆ ಹೇಳಿದ.

"ಸುಳ್ಳು ಯಾಕೆ ಹೇಳ್ಲಿ ಸಾರ್. ಬೆಳಿಗ್ಗೆ ಆ ರಿಂಗು ವಾಪಸ್ ಬಂದ್ರೆ ನಂಗೂ ಖುಷಿ ಆಗ್ತಿತ್ತು. ಮನೇಲಿ ಯಾರೂ ಇಲ್ಲ. ನೀವು ಹೊಟ್ಟೆ ಉರ್ಕೊಂಡಿದ್ದು ಪೂರ್ತಿ ತಪ್ಪೇನಲ್ಲ."

ಅವನು ಅಷ್ಟು ಹೇಳದೆ ಇದ್ದಿದ್ದರೆ ಅವನನ್ನು ಕ್ಷಮಿಸಲು ಸುಲಭವಾಗುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಕೂರಿಸಿ ಕಳಿಸಿದ. ಆಸ್ಪತ್ರೆಯ ಹತ್ತಿರ ನಿಲ್ಲಿಸಿ ಎಂದು ಡ್ರೈವರಿಗೂ ಹೇಳಿದ, ಬಸ್ಸು ನಿಂತಿತು. ನಾನು ಇಳಿಯಲಿಲ್ಲ. ಮನೆಗೆ ಬಂದೆ.

ಅವಳು ಎಣಿಸುತ್ತಾಳಂತೆ. ನಾನು ಸುತ್ತು ಎಣಿಸುವ ಹಾಗೆ.

ಮೇ 22

ಬೆಳಿಗ್ಗೆ ನಾನಾಗಿಯೇ ಹೊರಟೆ. ಅವಳೂ ಚಪ್ಪಲಿ ಮೆಟ್ಟಿದಳು, ಕೆಲಸಕ್ಕೆ ರಜೆ ಹೇಳಿದ್ದಳು. ಆಸ್ಪತ್ರೆಯ ಹಿಂದಿನ ಬಯಲಲ್ಲಿ ನಿಂತು ಮುಚ್ಚಳದ ಡಬ್ಬಿಗೆ ಕಫ ಕೊಟ್ಟೆ. ನರ್ಸು ಇವಳನ್ನು ದೂರ ನಿಲ್ಲಿಸಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ನಿಲ್ಲಿಸಿದರು. ನನ್ನ ಉಸಿರು ಅವಳ ಕಡೆ ಹೋಗದ ಹಾಗೆ.

ಮೇ 25

ಇದೆ. ಟಿಬಿ.

ಡಾಕ್ಟರು ನನ್ನ ಕಡತ ತಿರುಗಿಸುತ್ತ ಹುಬ್ಬು ಗಂಟಿಕ್ಕಿದರು. ಇವಳು ಪಕ್ಕದ ಕುರ್ಚಿಯಲ್ಲಿ. ಇವಳ ಎಕ್ಸ್‌ರೇ ಸ್ವಚ್ಛವಾಗಿದೆ, ಸದ್ಯಕ್ಕೆ ಏನೂ ಇಲ್ಲ ಎಂದು ಮೊದಲೇ ಹೇಳಿದ್ದರು. ನನಗೆ ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು ಕೇಳಿದರು.

"ನಾಲ್ಕೂವರೆ ತಿಂಗಳು ಒಂದೂ ಬಿಡದೆ ನುಂಗಿದೀರಿ ಅಂತಿದೆ ಇಲ್ಲಿ. ಆದ್ರೂ ಬಂದಿದೆ. ಹಾಗಾದ್ರೆ ಇದು ಆ ಮಾತ್ರೆಗೆ ಬಗ್ಗದ ಟಿಬಿ ಇರ್ಬಹುದು. ನಿಮ್ಮ ಹೆಂಡ್ತಿ ನುಂಗ್ತಿರೋದೂ ಅದೇ ಮಾತ್ರೆ. ನಿಮ್ಮಿಂದ ಅವರಿಗೇನಾದ್ರೂ ಹತ್ತಿದ್ರೆ ಅದು ಕೆಲಸಕ್ಕೆ ಬರಲ್ಲ. ಲ್ಯಾಬಿಂದ ಗೊತ್ತಾಗುತ್ತೆ, ಅದಕ್ಕೆ ದಿನ ಹಿಡಿಯುತ್ತೆ. ಅದಕ್ಕೆ ಮುಂಚೆ ಹೇಳಿ. ನಿಜವಾಗಿ ನುಂಗಿದ್ರಾ?"

ನುಂಗಿದ್ರಾ. ಕೊನೆಗೂ ಯಾರೋ ಕೇಳಿದರು.

ಇಲ್ಲ ಎಂದೆ. ಫೆಬ್ರವರಿ ಮೂರರಿಂದ ಒಂದೂ ಇಲ್ಲ. ವಾರ್ನಿಷ್ ಡಬ್ಬಿಯ ವಿಷಯವನ್ನೂ ಹೇಳಿದೆ. ಡಾಕ್ಟರು ಬೈಯಲಿಲ್ಲ. ಉಸಿರು ಬಿಟ್ಟರು. ಹಾಗಾದರೆ ಒಳ್ಳೆಯದಾಯಿತು, ನಿಮ್ಮ ಹೆಂಡತಿಯನ್ನು ಆ ಮಾತ್ರೆಯೇ ಕಾಪಾಡಿರಬಹುದು ಎಂದು ಬರೆದುಕೊಂಡರು. ನಾನು ನುಂಗದೆ ಇದ್ದದ್ದು ಒಳ್ಳೆಯ ಸುದ್ದಿಯಾಗುವಂಥ ಕಾಲ ಬಂತು ನೋಡಿ.

ಕಾಯಿಲೆ ನನ್ನ ಎದೆಯಲ್ಲಿ ಗೂಡು ಕಟ್ಟುತ್ತಿದ್ದಾಗ ನನಗೂ ಅವಳಿಗೂ ನಡುವೆ ನಿಂತಿದ್ದದ್ದು ಆ ಒಂದು ಮಾತ್ರೆ. ಯಾವುದನ್ನು ಕಂಡು ಹೊಟ್ಟೆ ಉರಿದುಕೊಂಡೆನೋ ಅದೇ. ಅದನ್ನು ಹನ್ನೊಂದು ದಿನ ತೆಗೆದು ಪಕ್ಕಕ್ಕಿಟ್ಟವನು ನಾನು.

ಹೊರಗೆ ಕಾರಿಡಾರಿನಲ್ಲಿ ಅವಳು ನಿಂತಳು. ನಾನು ಬಾಯಿ ತೆರೆದೆ, ರಿಂಗಿನ ಮಾತು ಹೇಳಲು. ಅವಳು ಕೈ ಎತ್ತಿ ತಡೆದಳು.

"ರಿಂಗು ನೀವೇ ಕೊಟ್ಟಿದ್ದು ಅಂತ ಏಪ್ರಿಲ್‌ನಲ್ಲೇ ಗೊತ್ತಾಯ್ತು. ಮನೇಲಿ ಇನ್ಯಾರಿದಾರೆ? ನೀವಾಗಿ ಹೇಳ್ತೀರಿ ಅಂತ ಕಾದೆ."

ತಪ್ಪಾಯಿತು ಎಂದೆ. ಅವಳು ಮಾತ್ರೆ ಚೀಲದ ದಾರ ಬಿಗಿಯುತ್ತ, ದಾರವನ್ನೇ ನೋಡುತ್ತ ಹೇಳಿದಳು.

"ಮೊದಲನೇದಕ್ಕೆ ನಿಮ್ಮನ್ನ ಒಂದು ದಿನಾನೂ ಕೇಳ್ಲಿಲ್ಲ. ಅದು ನಿಮ್ಮೊಳಗಿದೆ ಅಂತ ನಿಮಗೂ ಗೊತ್ತಿರ್ಲಿಲ್ಲ. ಇದು ಗೊತ್ತಿದ್ದೂ ಮಾಡಿದ್ದು."

ಮನೆಯವರೆಗೂ ಅವಳು ನಾಲ್ಕು ಹೆಜ್ಜೆ ಮುಂದೆ. ನಾನು ಹಿಂದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು.

ಮೇ 26

ಲೋಟದಿಂದ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಅವಳು ನನಗೆ ಬೇರೆ ಲೋಟ ಇಟ್ಟಳು. ಕಾಯಿಲೆಗೆ ಹೆದರಿ ಅಲ್ಲ.

ಎರಡು ವಾರ ಬೇರೆ ಮಲಗಿ, ಕಿಟಕಿ ತೆರೆದಿಡಿ ಎಂದಿದ್ದಾರೆ. ಅಂಗಡಿಯಲ್ಲಿ ಚಾಪೆ ಹಾಕಿದೆ. ಮನೆಯಲ್ಲಿ ಇನ್ನೊಂದು ಕೋಣೆ ಇದೆ. ಅಲ್ಲಿ ಮಲಗಿ ಎಂದು ಅವಳು ಹೇಳಲಿಲ್ಲ, ಮಲಗುತ್ತೇನೆ ಎಂದು ನಾನು ಕೇಳಲಿಲ್ಲ.

ಮೇ 28

ಮೇಷ್ಟ್ರಿಗೆ ಫೋನು ಮಾಡಿ ನಿಜ ಹೇಳಿದೆ. ನಿಮ್ಮ ರಿಂಗು ಬರುತ್ತದಲ್ಲ ಎಂದೇ ನಾನು ವಾಂತಿ ಬಂದ ದಿನವೂ ನುಂಗಿದೆ ಎಂದರು. ಆಮೇಲೆ ಇಟ್ಟರು. ಬೆತ್ತದ ಏಟೇ ವಾಸಿ.

ಈಗಿನದು ಮಾತ್ರೆಗಳ ಮೆರವಣಿಗೆ. ಮೂತ್ರ ಕಿತ್ತಳೆ ಬಣ್ಣ. ಮತ್ತೆ ಜೋಡಿ ಬೇಕಲ್ಲ. ಯಾರಾದರೂ ಇದ್ದಾರಾ ಎಂದು ಕೌನ್ಸೆಲರಮ್ಮ ಕೇಳಿದಾಗ, ಅಂಗಡಿ ನನ್ನ ರೂಟಿನಲ್ಲೇ ಇದೆ, ರಿಂಗು ನಾನು ಕೊಡುತ್ತೇನೆ ಎಂದವನು — ಅವನೇ. ಹಣೆಬರಹ.

ಮೇ 29, ಬೆಳಿಗ್ಗೆ

ಏಳು ದಾಟಿ ಒಂದು ನಿಮಿಷಕ್ಕೆ ರಿಂಗು. ಅವನದ್ದು. ನುಂಗಿದೆ. ತಿರುಗಿ ಕೊಟ್ಟೆ.

ಕೊಟ್ಟು ಒಂದು ಕ್ಷಣ ಫೋನನ್ನೇ ನೋಡುತ್ತ ನಿಂತೆ. ಆಮೇಲೆ ನೆನಪಾಯಿತು, ಯಾರು ಹೀಗೆ ನಿಂತಿದ್ದರು ಎಂದು.

ಜೂನ್ 3

ಊಟದ ಡಬ್ಬಿ ದಿನವೂ ಬರುತ್ತದೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೆಟ್ಟಿಲ ಮೇಲಿಟ್ಟು, ಕದಕ್ಕೆ ಬೆರಳಿನಿಂದ ಎರಡು ಸಲ ತಟ್ಟಿ ಹೋಗುತ್ತಾಳೆ. ಕದ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಬೆನ್ನು. ಕೊರಳಿಗೆ ಫೋನು ನೇತಾಡುತ್ತಿರುತ್ತದೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ.

ಅವಳಿಗೆ ಈಗ ರಿಂಗು ಕೊಡುವವರು ಯಾರು? ಕೌನ್ಸೆಲರಮ್ಮನೋ, ಅವನೋ. ನನಗೆ ಕೇಳುವ ಹಕ್ಕಿಲ್ಲ. ಆದರೂ ಏಳು ಗಂಟೆಗೆ ಎಲ್ಲ ಬಿಟ್ಟು ಅದನ್ನೇ ಯೋಚಿಸುತ್ತೇನೆ. ಎದೆಯೊಳಗಿನ ರೋಗಕ್ಕೆ ನಾಲ್ಕು ಥರದ ಮಾತ್ರೆ ಇದೆ. ಇದಕ್ಕೆ ಒಂದೂ ಇಲ್ಲ.

ಜೂನ್ 5

ಹಳೆಯ ವಾರ್ನಿಷ್ ಡಬ್ಬಿ ತೊಳೆದೆ. ಉಜ್ಜಿದರೂ ತಳದ ಬಿಳಿ ಹೋಗಲಿಲ್ಲ. ಎಸೆದೆ. ಒಂದು ಟೇಬಲ್ ಫ್ಯಾನ್ ಮುಗಿಸಿದೆ, ಎಣಿಕೆ ತಪ್ಪದೆ. ಕೆಮ್ಮು ಕಡಿಮೆ.

ಎಂಟೂವರೆಗೆ ಒಬ್ಬನೇ ನುಂಗುವಾಗ ಬಾಯಿ ತೆರೆದು ನಾಲಗೆ ತೋರಿಸಿದೆ. ಎದುರಿಗೆ ತಂತಿ ಪರೀಕ್ಷಿಸುವ ಮೆಗ್ಗರ್ ಮೀಟರು ಬಿಟ್ಟರೆ ಯಾರೂ ಇರಲಿಲ್ಲ.

ಜೂನ್ 8

ಎರಡು ವಾರ ನಾಳೆಗೆ. ಇನ್ನು ಮನೆಗೆ ಹೋಗಬಹುದು ಎಂದರು ಡಾಕ್ಟರು. ಹೋಗಬಹುದು ಎಂದು ಹೇಳಬೇಕಾದವರು ಅವರಲ್ಲ. ಡಬ್ಬಿಯ ಜೊತೆ ಚೀಟಿ ಬರೆದಿಟ್ಟೆ: "ಡಾಕ್ಟರು ಮನೆಗೆ ಹೋಗಬಹುದು ಅಂದರು. ನೀನು ಹೇಳಿದರೆ ಬರುತ್ತೇನೆ. ಇಲ್ಲದಿದ್ದರೆ ಇಲ್ಲೇ ಇರುತ್ತೇನೆ. ಹನ್ನೊಂದೂ ನಾನೇ." ಸಂಜೆ ಖಾಲಿ ಡಬ್ಬಿ ತೆಗೆದುಕೊಂಡು ಹೋಗಿದ್ದಾಳೆ. ಚೀಟಿಯೂ ಇಲ್ಲ.

ಜೂನ್ 9, ಬೆಳಿಗ್ಗೆ 7

ರಾಶಿ ಮಾತ್ರೆ ಮುಂದಿಟ್ಟುಕೊಂಡು ಕೂತಿದ್ದೇನೆ. ಬೀದಿ ಈಗ ತಾನೆ ಎದ್ದಿದೆ. ಎದುರು ಅಂಗಡಿಯ ಷಟರ್ ಅರ್ಧ ಮೇಲೆ.

7.01. ಒಂದು ರಿಂಗು, ಕಟ್. ಕಂಡಕ್ಟರು. ನುಂಗಿದೆ. ತಿರುಗಿ ಕೊಟ್ಟೆ. ರೈಟ್, ರೈಟ್.

7.04. ಮತ್ತೆ. ಈ ಸಲ ಅವನಲ್ಲ. ಅವಳ ನಂಬರು. ಒಂದೇ ರಿಂಗಾದರೆ ನುಂಗಿ ಎಂದಷ್ಟೇ ಅರ್ಥ, ಎತ್ತಬಾರದು. ಮೂರು ದಾಟಿದರೆ ಮಾತಾಡುವುದಿದೆ ಎಂದು. ಒಂದಾಯಿತು. ಕಟ್ ಆಗಲಿಲ್ಲ. ಎರಡು. ಮೂರು. ನಾಲ್ಕು — ಇನ್ನೂ ನಿಂತಿಲ್ಲ, ಇನ್ನೂ